ಪೆಲೆಟ್ ಒಲೆಯ ಫ್ಯಾನು ನಿಂತಾಗ

ಸಹೋದರಿಯರೇ, ಒಲೆ ಸರಿಯಾಗಿ ಉರಿಯದಿದ್ದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೌದೆ ಒಲೆಯಾದರೆ ಹಸಿ ಕಟ್ಟಿಗೆ ಎಳೆದು ಒಣಗಿದ್ದನ್ನು ಇಡುತ್ತೇವೆ, ಊದುಗೊಳವೆಯಿಂದ ಊದುತ್ತೇವೆ. ಗ್ಯಾಸ್ ಒಲೆಯಾದರೆ ಬರ್ನರ್ ಕಳಚಿ ತೂತುಗಳನ್ನು ಬಿಡಿಸುತ್ತೇವೆ. ನಮ್ಮ ಅಜ್ಜಿಯರು ಸೀಮೆಎಣ್ಣೆ ಸ್ಟವ್‌ಗೆ ಪಿನ್ನು ಹಾಕುವುದರಲ್ಲಿ ಯಾವ ಮೆಕ್ಯಾನಿಕ್‌ಗೂ ಕಡಿಮೆ ಇರಲಿಲ್ಲ. ಆದರೆ ಅದೇ ಒಲೆಗೆ ಒಂದು ವಯರು, ಒಂದು ಪ್ಲಗ್ಗು ಇದ್ದರೆ ಸಾಕು, ನಮ್ಮ ಕೈ ಹಿಂದೆ ಸರಿಯುತ್ತದೆ. "ಇದು ಗಂಡಸರ ಕೆಲಸ" ಎಂದು ದೂರ ನಿಲ್ಲುತ್ತೇವೆ. ಪೆಲೆಟ್ ಒಲೆಯ ಮುಂದೆ ಹೀಗೆ ಕೈಕಟ್ಟಿ ನಿಂತರೆ ಅಂದಿನ ಅಡುಗೆ ಕೆಡುತ್ತದೆ. ಅಡುಗೆಯಿಂದಲೇ ಜೀವನ ಸಾಗಿಸುವವರಿಗೆ ಅಂದಿನ ಸಂಪಾದನೆಯೂ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಪೆಲೆಟ್ ಎಂದರೆ ಏನೆಂದು ಕೆಲವರು ಕೇಳಬಹುದು. ಮರದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆಯಂಥ ವಸ್ತುಗಳನ್ನು ಪುಡಿ ಮಾಡಿ, ಯಂತ್ರದಲ್ಲಿ ಬಲವಾಗಿ ಒತ್ತಿ ತೆಗೆದ ಗಟ್ಟಿ ತುಂಡುಗಳು ಅವು. ಮುರಿದ ಸೀಮೆಸುಣ್ಣದ ಹಾಗಿರುತ್ತವೆ. ಮದುವೆ, ಅಖೀಕಾ, ಇಫ್ತಾರ್ ಕೂಟಗಳಿಗೆ ಆರ್ಡರ್ ಹಿಡಿದು ಬಿರಿಯಾನಿ ಮಾಡಿಕೊಡುವ ಮನೆಗಳಲ್ಲಿ, ಸಣ್ಣ ಹೋಟೆಲುಗಳಲ್ಲಿ ಇವುಗಳ ಒಲೆಯನ್ನು ನೀವು ನೋಡಿರಬಹುದು. ವ್ಯಾಪಾರಕ್ಕೆ ಬಳಸುವ 19 ಕಿಲೋ ಸಿಲಿಂಡರಿನ ಬೆಲೆ ಕೇಳಿ ತಲೆ ತಿರುಗಿದವರೇ ಹೆಚ್ಚಾಗಿ ಈ ಒಲೆಗೆ ಬಂದವರು. ಒಂದು ಕಿಲೋ ಗ್ಯಾಸಿನ ಶಾಖಕ್ಕೆ ಎರಡೂವರೆಯಿಂದ ಮೂರು ಕಿಲೋ ಪೆಲೆಟ್ ಬೇಕು ಎಂಬ ಲೆಕ್ಕ ಇಟ್ಟುಕೊಂಡು ನಿಮ್ಮೂರಿನ ದರವನ್ನು ತಾಳೆ ನೋಡಿದರೆ ಉಳಿತಾಯ ಇದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ನಾನೂ ನನ್ನ ಭಾಭಿಯೂ ಈ ಲೆಕ್ಕ ಹಾಕಿಯೇ ಹಿತ್ತಿಲಿಗೆ ಈ ಒಲೆ ತಂದದ್ದು.

ಈ ಒಲೆಯ ಕಥೆಗೂ ನಮ್ಮ ರಾಜ್ಯಕ್ಕೂ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ಸಂಗಡಿಗರು ರೂಪಿಸಿದ ಫ್ಯಾನು ಇರುವ ಸಣ್ಣ ಪೆಲೆಟ್ ಒಲೆ 2006ರಲ್ಲಿ 'ಊರ್ಜಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನ ಕಡೆ ಸುಮಾರು 4 ಲಕ್ಷ ಮನೆಗಳಿಗೆ ಅದು ತಲುಪಿತು. ಅದರ ಫ್ಯಾನು ಚಾರ್ಜ್ ಮಾಡುವ ಬ್ಯಾಟರಿಯಿಂದ ತಿರುಗುತ್ತಿತ್ತು. ಆಮೇಲೆ ಪೆಲೆಟ್ ಬೆಲೆ ಏರಿತು, ಮನೆಗಳಿಗೆ ಪೂರೈಕೆಯೂ ಕುಂಠಿತವಾಯಿತು, ಬಹಳಷ್ಟು ಒಲೆಗಳು ಅಟ್ಟ ಸೇರಿದವು. ಒಲೆ ಚೆನ್ನಾಗಿದ್ದರೆ ಸಾಲದು, ಅದಕ್ಕೆ ಹಾಕುವುದೂ ಕೈಗೆ ಸಿಗಬೇಕು ತಾನೇ? ಈಗ ಸಿಗುವ ದೊಡ್ಡ ಒಲೆಗಳೂ ಉರಿಯುವುದು ಹೆಚ್ಚುಕಡಿಮೆ ಅದೇ ತತ್ವದ ಮೇಲೆ.

ಆ ತತ್ವ ಅರ್ಥವಾದರೆ ಅರ್ಧ ರಿಪೇರಿ ಆದಂತೆ. ಸೌದೆಯಾಗಲಿ ಪೆಲೆಟ್ ಆಗಲಿ, ಬಿಸಿಯಾದಾಗ ಮೊದಲು ಅದರಿಂದ ಒಂದು ಬಗೆಯ ಅನಿಲ ಹೊರಡುತ್ತದೆ. ನಾವು ಹೊಗೆ ಎಂದು ಕಣ್ಣೊರೆಸಿಕೊಳ್ಳುವುದು ಬಹುಪಾಲು ಉರಿಯದೆ ಹೋದ ಈ ಅನಿಲವೇ. ಪೆಲೆಟ್ ಒಲೆಯಲ್ಲಿ ಫ್ಯಾನು ಎರಡು ಕಡೆ ಗಾಳಿ ಕೊಡುತ್ತದೆ. ಕೆಳಗಿನಿಂದ ಬರುವ ಗಾಳಿ ಪೆಲೆಟನ್ನು ಕಾಯಿಸಿ ಅನಿಲ ಹೊರಡಿಸುತ್ತದೆ. ಮೇಲಿನ ಅಂಚಿನ ಸುತ್ತ ಇರುವ ತೂತುಗಳಿಂದ ಬರುವ ಗಾಳಿ ಆ ಅನಿಲವನ್ನು ಪಾತ್ರೆಯ ಕೆಳಗೆ ಉರಿಸುತ್ತದೆ. ಹಾಗಾಗಿ ಉರಿ ಗ್ಯಾಸಿನಂತೆ ಚುರುಕಾಗಿರುತ್ತದೆ, ಡೇಗೆಯ ತಳ ಅಷ್ಟೇನೂ ಕಪ್ಪಾಗುವುದಿಲ್ಲ. ಫ್ಯಾನು ನಿಂತಿತೆನ್ನಿ, ಪೆಲೆಟ್ ಕಾದೇ ಇರುತ್ತದೆ, ಅನಿಲ ಹೊರಡುತ್ತಲೇ ಇರುತ್ತದೆ, ಉರಿಸುವ ಗಾಳಿ ಮಾತ್ರ ಇಲ್ಲ. ಒಂದೇ ನಿಮಿಷದಲ್ಲಿ ಹಳದಿ ಹೊಗೆ ಕವಿಯುತ್ತದೆ. ಮಂಡಕ್ಕಿ ಭಟ್ಟಿಗಳ ದಾವಣಗೆರೆಯಲ್ಲಿ ಬೆಳೆದ ನನಗೆ ಹೊಗೆ ಹೊಸದಲ್ಲ. ಆದರೂ ಈ ಹೊಗೆಯ ಘಾಟು ಬೇರೆಯೇ.

ಈಗ ಆ ಅಪಾಯದ ಮಾತು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸಿ ಎಚ್ಚರಿಸುತ್ತದೆ. ಅದರ ಜೊತೆಗೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಗಳನ್ನು ನೀವು ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ಅಲ್ಲಿ ಕೊಲ್ಲುವುದು ಇದೇ ಅನಿಲ. ಆದ್ದರಿಂದ ಉರಿಯುತ್ತಿರುವಾಗ ಫ್ಯಾನು ನಿಂತರೆ ಮೊದಲು ಬಗ್ಗಿ ನೋಡಬೇಡಿ. ಬಾಗಿಲು ಕಿಟಕಿ ತೆರೆಯಿರಿ, ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಕಳಿಸಿ, ನೀವೂ ಹೊರಗೆ ಬನ್ನಿ. ತಲೆನೋವು, ತಲೆ ಸುತ್ತು, ವಾಕರಿಕೆ ಅನ್ನಿಸಿದರೆ ಉಪವಾಸದ ಆಯಾಸ ಎಂದುಕೊಂಡು ಅಲ್ಲೇ ಕೂರಬೇಡಿ. ರಮಝಾನಿನಲ್ಲಿ ನಾವು ಮಾಡುವುದೇ ಹಾಗೆ, ಎಲ್ಲವನ್ನೂ ಉಪವಾಸದ ತಲೆಗೆ ಕಟ್ಟಿಬಿಡುತ್ತೇವೆ. ತೆರೆದ ಗಾಳಿಗೆ ಬಂದ ಮೇಲೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ನನ್ನನ್ನು ಕೇಳಿದರೆ ಈ ಒಲೆಗೆ ಅಡುಗೆ ಕೋಣೆಯೊಳಗೆ ಜಾಗವೇ ಇಲ್ಲ. ಮೇಲೆ ಶೀಟು, ಕನಿಷ್ಠ ಎರಡು ಕಡೆ ತೆರೆದಿರುವ ಹಿತ್ತಿಲ ಚಪ್ಪರವೇ ಅದಕ್ಕೆ ಸರಿ.

ಫ್ಯಾನು ನಿಂತ ಒಲೆಗೆ ಬಾಯಿಂದ ಊದುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒಳಗೆ ತುಂಬಿದ ಅನಿಲಕ್ಕೆ ಗಾಳಿ ಸಿಕ್ಕಿದೊಡನೆ ಭಗ್ಗೆಂದು ಮುಖಕ್ಕೆ ಹತ್ತುತ್ತದೆ. ನಡುವೆ ಹೋದ ಕರೆಂಟು ಬಂದಾಗಲೂ ಹೀಗೆಯೇ. ಆದ್ದರಿಂದ ಕರೆಂಟು ಹೋದಾಗ ಒಲೆಯ ಸ್ವಿಚ್ಚನ್ನು ಆರಿಸಿಡಿ. ಬಂದ ಮೇಲೆ ರೆಗ್ಯುಲೇಟರನ್ನು ಕಡಿಮೆಗೆ ಇಟ್ಟು, ಮುಖವನ್ನೂ ದುಪಟ್ಟಾವನ್ನೂ ದೂರವಿಟ್ಟು ಸ್ವಿಚ್ಚು ಹಾಕಿ. ಉರಿಯುವ ಒಲೆಗೆ ನೀರು ಸುರಿಯುವುದೂ ಬೇಡ. ಬಿಸಿ ಹಬೆ ಕೈ ಸುಡುತ್ತದೆ, ಕೆಳಗಿರುವ ವಯರು ನೆನೆಯುತ್ತದೆ.

ಇಷ್ಟು ಹೇಳಿದ ಮೇಲೆ ದೋಷ ಹುಡುಕುವ ವಿಷಯಕ್ಕೆ ಬರೋಣ. ಇದಕ್ಕೆ ನನ್ನದು ಒಂದೇ ಸೂತ್ರ. ಕರೆಂಟು ಯಾವ ದಾರಿಯಲ್ಲಿ ಬರುತ್ತದೋ ಅದೇ ದಾರಿಯಲ್ಲಿ ನೀವೂ ಬನ್ನಿ. ಗೋಡೆಯ ಸಾಕೆಟ್, ಅಡಾಪ್ಟರ್, ವಯರು, ರೆಗ್ಯುಲೇಟರ್, ಕೊನೆಗೆ ಫ್ಯಾನು. ಹಲವರು ಮಾಡುವುದು ಇದಕ್ಕೆ ತಿರುಗುಮುರುಗು. ನೇರವಾಗಿ ಒಲೆಯ ತಳ ಬಿಚ್ಚಿ ಫ್ಯಾನಿಗೆ ಕೈ ಹಾಕುತ್ತಾರೆ. ಫ್ಯಾನು ಕೆಡುವುದು ಇಲ್ಲವೆಂದಲ್ಲ, ಆದರೆ ಅದಕ್ಕೂ ಮೊದಲು ಕೆಡುವ ವಸ್ತುಗಳು ದಾರಿಯಲ್ಲಿ ನಾಲ್ಕಿವೆ.

ಕಳೆದ ವರ್ಷ ರಮಝಾನಿನಲ್ಲಿ ನಮ್ಮ ಪಕ್ಕದ ಬೀದಿಯ ಆಪಾ ಒಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ನಿಮಗೆ ಇದು ಸುಲಭವಾಗಿ ಅರ್ಥವಾದೀತು. ಅವರ ಪತಿ ತೀರಿಕೊಂಡು ಕೆಲವು ವರ್ಷಗಳಾಗಿವೆ, ಇಬ್ಬರು ಹೆಣ್ಣುಮಕ್ಕಳು. ರಮಝಾನಿನ ಆರ್ಡರುಗಳೇ ಅವರಿಗೆ ವರ್ಷದ ದೊಡ್ಡ ವರಮಾನ. ಅಂದು 60 ಜನರ ಇಫ್ತಾರಿಗೆ ಬಿರಿಯಾನಿ. ಅಸರ್ ನಮಾಜು ಮುಗಿದಿತ್ತು, ಡೇಗೆಯಲ್ಲಿ ಕೋಳಿ ಅರ್ಧ ಬೆಂದಿತ್ತು, ಅಕ್ಕಿ ನೆನೆದಿತ್ತು. ಫ್ಯಾನು ನಿಂತಿತು. ಆಪಾ ಮೆಕ್ಯಾನಿಕ್‌ಗೆ ಫೋನು ಮಾಡಿದರು. ಆತ "ತರಾವೀಹ್ ಮುಗಿಸಿ ಬರ್ತೀನಿ ಆಪಾ" ಎಂದ. ತರಾವೀಹ್ ಮುಗಿಯುವ ಹೊತ್ತಿಗೆ ಇಫ್ತಾರಿನ ಜನ ಊಟ ಮಾಡಿ ಮನೆ ಸೇರಿರುತ್ತಾರೆ! ಹಿರಿಯ ಮಗಳು ಓಡಿ ಬಂದು ನನ್ನನ್ನು ಕರೆದಳು. ಅವಳು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. "ಖಾಲಾ, ನೀವು ಜೊತೆಗೆ ನಿಲ್ಲಿ ಸಾಕು, ನಾನು ನೋಡ್ತೀನಿ" ಎಂದಳು.

ಹುಡುಗಿ ಮೊದಲು ಒಲೆಯ ಪ್ಲಗ್ಗು ಕಿತ್ತು ಅದೇ ಸಾಕೆಟ್‌ಗೆ ತನ್ನ ಮೊಬೈಲ್ ಚಾರ್ಜರ್ ಹಾಕಿದಳು. ಮೊಬೈಲ್ ಚಾರ್ಜ್ ಆಯಿತು. ಅಂದರೆ ಗೋಡೆಯವರೆಗೆ ಕರೆಂಟು ಇದೆ. ನಂತರ ಒಲೆಯ ಅಡಾಪ್ಟರನ್ನು ಮತ್ತೆ ಹಾಕಿ ನೋಡಿದಳು. ಅದರ ಮೇಲಿನ ಪುಟ್ಟ ದೀಪ ಹತ್ತಲಿಲ್ಲ. ಮುಟ್ಟಿದರೆ ಒಂದಿಷ್ಟೂ ಬೆಚ್ಚಗಿಲ್ಲ. ದೋಷ ಸಿಕ್ಕಿತಲ್ಲ! ಅಡಾಪ್ಟರಿನ ಹಿಂದಿನ ಚೀಟಿಯಲ್ಲಿ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ಅವಳು ಒಳಗೆ ಹೋಗಿ ಟಿ.ವಿ.ಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತಂದಳು. ಅದರ ಮೇಲೆ 12 ವೋಲ್ಟ್, 1.5 ಆಂಪಿಯರ್. ಪಿನ್ನಿನ ಗಾತ್ರವೂ ಹೊಂದಿತು, ಧನ-ಋಣದ ಗುರುತೂ ಒಂದೇ. ಎಲ್ಲರನ್ನೂ ಹಿಂದೆ ಸರಿಸಿ, ರೆಗ್ಯುಲೇಟರ್ ಕಡಿಮೆಗೆ ಇಟ್ಟು ಸ್ವಿಚ್ಚು ಹಾಕಿದಳು. ಹೊಗೆ ಭಗ್ಗೆಂದು ಹತ್ತಿಕೊಂಡು ಉರಿ ನಿಂತಿತು. ಮಗ್ರಿಬ್ ಅಝಾನಿಗೆ ಇಪ್ಪತ್ತು ನಿಮಿಷ ಇರುವಾಗ ಡೇಗೆ ಆಟೋ ಏರಿತು. ಅಲ್ಹಮ್ದುಲಿಲ್ಲಾಹ್. ಆಪಾರ ಚಿಕ್ಕ ಮಗಳಿಗೆ ಮಾತ್ರ ಅಂದು ಟಿ.ವಿ. ಇಲ್ಲದ ಬೇಸರ.

ಈ ಅಡಾಪ್ಟರಿನ ಚೀಟಿಯನ್ನು ಓದುವುದನ್ನು ಪ್ರತಿ ಮನೆಯ ಹೆಣ್ಣುಮಕ್ಕಳೂ ಕಲಿಯಬೇಕು ಎನ್ನುವುದು ನನ್ನ ಆಸೆ. ಅದರಲ್ಲಿ ಎರಡು ಸಾಲು ಇರುತ್ತವೆ. ಒಂದು ಒಳಗೆ ಬರುವ ಕರೆಂಟಿನದು, 100ರಿಂದ 240 ವೋಲ್ಟ್ ಎಂದಿರುತ್ತದೆ. ಇನ್ನೊಂದು ಹೊರಗೆ ಕೊಡುವುದರದು. ಬದಲಿ ಅಡಾಪ್ಟರ್ ಹಾಕುವಾಗ ಹೊರಗೆ ಕೊಡುವ ವೋಲ್ಟ್ ಅಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪಿಯರ್ ಮಾತ್ರ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಇರಕೂಡದು. ವೋಲ್ಟ್ ಎಂದರೆ ನೀರಿನ ಟ್ಯಾಂಕಿನ ಎತ್ತರ, ಆಂಪಿಯರ್ ಎಂದರೆ ಪೈಪಿನಲ್ಲಿ ಎಷ್ಟು ನೀರು ಹರಿಯಬಲ್ಲದು ಎಂಬ ಲೆಕ್ಕ ಎಂದು ತಿಳಿದುಕೊಳ್ಳಿ. ಪೈಪು ದೊಡ್ಡದಿದ್ದರೆ ತೊಂದರೆಯಿಲ್ಲ. ನಲ್ಲಿ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೈಫೈ ಪೆಟ್ಟಿಗೆಯ ಅಡಾಪ್ಟರಿನ ಪಿನ್ನು ನೋಡಲು ಒಂದೇ ಥರ ಇದ್ದರೂ ಅದು 9 ವೋಲ್ಟಿನದೋ 5 ವೋಲ್ಟಿನದೋ ಆಗಿರಬಹುದು. ಹಾಕಿದರೆ ಫ್ಯಾನು ಸೋಮಾರಿಯಂತೆ ತಿರುಗುತ್ತದೆ ಅಥವಾ ತಿರುಗುವುದೇ ಇಲ್ಲ. ಅದೇ ಚೀಟಿಯಲ್ಲಿ ಒಂದು ಚುಕ್ಕೆ ಮತ್ತು ಅದರ ಸುತ್ತ ಅರ್ಧ ಉಂಗುರದ ಚಿತ್ರವಿರುತ್ತದೆ. ಪಿನ್ನಿನ ನಡುವೆ ಧನವೋ ಋಣವೋ ಎಂಬುದನ್ನು ಅದು ಹೇಳುತ್ತದೆ. ಹಳೆಯದರಲ್ಲಿ ಹೇಗಿದೆಯೋ ಹೊಸದರಲ್ಲೂ ಹಾಗೆಯೇ ಇರಬೇಕು. ಉಲ್ಟಾ ಆದರೆ ಈ ಪುಟ್ಟ ಫ್ಯಾನುಗಳು ತಿರುಗುವುದಿಲ್ಲ, ಕೆಲವು ಸುಟ್ಟೇ ಹೋಗುತ್ತವೆ.

ಅಡಾಪ್ಟರ್ ಸರಿಯಿದ್ದು ಫ್ಯಾನು ಬಿಟ್ಟು ಬಿಟ್ಟು ತಿರುಗುತ್ತಿದ್ದರೆ ವಯರನ್ನು ಸಂಶಯಿಸಿ. ವಯರು ಮುರಿಯುವುದು ನಡುವಿನಲ್ಲಿ ಅಲ್ಲ, ಪಿನ್ನಿನ ಕುತ್ತಿಗೆಯಲ್ಲಿ; ದಿನವೂ ಬಾಗುವ ಜಾಗ ಅದು. ಮೇಲಿನ ರಬ್ಬರು ಸರಿಯಾಗಿಯೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಒಲೆ ಹೊತ್ತಿಸದೆ ಫ್ಯಾನು ಮಾತ್ರ ಹಾಕಿ, 12 ವೋಲ್ಟಿನ ಆ ಕಡೆಯ ವಯರನ್ನು ಪಿನ್ನಿನ ಬಳಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಫ್ಯಾನು ಹತ್ತಿ ಆರಿದರೆ ಕಾಯಿಲೆ ಅಲ್ಲೇ ಇದೆ. ಗೋಡೆಯ ಕಡೆಯ 230 ವೋಲ್ಟಿನ ವಯರಿಗೆ ಈ ಅಲ್ಲಾಡಿಸುವ ಪರೀಕ್ಷೆ ಮಾಡಬೇಡಿ. ಅದರ ರಬ್ಬರು ಬಿರಿದಿದ್ದರೆ, ಇಲಿ ಕಡಿದಿದ್ದರೆ, ಒಲೆಯ ಬಿಸಿಗೆ ಕರಗಿದ್ದರೆ ಟೇಪು ಸುತ್ತುವ ಕೆಲಸವೂ ಬೇಡ, ಹೊಸ ವಯರು ಹಾಕಿಸಿ. ಒಲೆಯ ಕಾಲ ಬುಡದಲ್ಲೇ ವಯರು ಬಿದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇನೆ. ಒಂದು ಮೊಳೆ ಹೊಡೆದು ಗೋಡೆಯ ಮೇಲೆ ಎತ್ತಿ ಕಟ್ಟಿದರೆ ಎಷ್ಟು ಹೊತ್ತಿನ ಕೆಲಸ?

ರೆಗ್ಯುಲೇಟರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪೂರ್ತಿ ತಿರುಗಿಸಿದಾಗ ಮಾತ್ರ ಫ್ಯಾನು ಓಡಿ, ಕಡಿಮೆ ಮಾಡಿದರೆ ನಿಲ್ಲುತ್ತಿದ್ದರೆ ಅದರ ಒಳಗೆ ಸವೆದಿದೆ ಎಂದರ್ಥ. ಬದಲಿಸುವುದೊಂದೇ ದಾರಿ. ಕೆಲವು ಒಲೆಗಳಲ್ಲಿ ಪ್ಲಾಸ್ಟಿಕ್ ರೆಗ್ಯುಲೇಟರನ್ನು ಉರಿಯುವ ಡಬ್ಬಿಗೆ ಗೇಣಿನಷ್ಟೂ ದೂರವಿಲ್ಲದೆ ಕೂರಿಸಿರುತ್ತಾರೆ. ಅದನ್ನು ರೂಪಿಸಿದವರು ಒಂದು ದಿನವೂ ಅದರ ಮುಂದೆ ಕುಳಿತು ಅಡುಗೆ ಮಾಡಿರಲಿಕ್ಕಿಲ್ಲ. ಕೊಳ್ಳುವಾಗ ಇದನ್ನು ನೋಡಿ ಕೊಳ್ಳಿ.

ಇನ್ನು ಫ್ಯಾನು. ಇಲ್ಲಿಗೆ ಬರುವ ಮುನ್ನ ಒಲೆ ಪೂರ್ತಿ ಆರಿ ತಣ್ಣಗಾಗಿರಬೇಕು, ಪ್ಲಗ್ಗು ಸಾಕೆಟ್‌ನಿಂದ ಹೊರಗೆ ಬಂದು ನಿಮ್ಮ ಕಣ್ಣ ಮುಂದೆ ನೆಲದ ಮೇಲೆ ಇರಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಮನೆಯ ವಯರಿಂಗಿನಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದ್ದರೆ ಸ್ವಿಚ್ಚು ಆರಿಸಿದ ಮೇಲೂ ಕರೆಂಟು ಒಲೆಯವರೆಗೆ ಬಂದು ನಿಂತಿರುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಹಗುರವಾಗಿ ನಾಲ್ಕು ಸುತ್ತು ಹೋದರೆ ಒಳ್ಳೆಯದು. ಗಟ್ಟಿಯಾಗಿದ್ದರೆ ಪೆಲೆಟ್ ಪುಡಿ, ಬೂದಿ, ಎಣ್ಣೆಯ ಜಿಡ್ಡು ಸೇರಿ ಹಿಡಿದುಕೊಂಡಿರುತ್ತದೆ. ಒಣ ಬ್ರಷ್ಷಿನಿಂದ, ಹಳೆಯ ಹಲ್ಲುಜ್ಜುವ ಬ್ರಷ್ಷಾದರೂ ಸರಿ, ಬಿಡಿಸಿ ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಅನ್ನದ ಗಂಜಿ ಉಕ್ಕಿ ಕೆಳಗಿಳಿದು ಒಣಗಿದರೆ ಅಂಟು ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಈ ಒಲೆಯ ಮೇಲೆ ಪಾತ್ರೆ ಕಂಠದವರೆಗೆ ತುಂಬುವುದು ಒಳ್ಳೆಯದಲ್ಲ. ಚೊಕ್ಕಟ ಮಾಡಿದ ಮೇಲೂ ಕಿರುಗುಟ್ಟುತ್ತಿದ್ದರೆ, ಅಲುಗಾಡುತ್ತಿದ್ದರೆ ಹೊಸ ಫ್ಯಾನೇ ಬೇಕು. ಹಳೆಯದನ್ನು ಕೈಯಲ್ಲಿ ಹಿಡಿದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, ಅದರ ಮೇಲಿರುವ ವೋಲ್ಟ್, ಆಂಪಿಯರ್ ಮತ್ತು ಅಳತೆ ನೋಡಿಯೇ ತನ್ನಿ. ಕೂರಿಸುವಾಗ ಗಾಳಿ ಬರುವ ಮುಖ ಒಲೆಯ ಒಳಕ್ಕೆ ಇರಬೇಕು. ಹಲವು ಫ್ಯಾನುಗಳ ಚೌಕಟ್ಟಿನ ಮೇಲೆಯೇ ಬಾಣದ ಗುರುತು ಇರುತ್ತದೆ. ಕೆಂಪು ವಯರು ಧನ, ಕಪ್ಪು ಋಣ.

ಇನ್ನೊಂದು ಮಾತು. ಅಡುಗೆ ಮುಗಿದ ಕೂಡಲೇ ಫ್ಯಾನು ಆರಿಸಿ ಎದ್ದುಬಿಡುವ ಅಭ್ಯಾಸ ಈ ಫ್ಯಾನುಗಳ ಆಯುಸ್ಸನ್ನು ತಿನ್ನುತ್ತದೆ. ಫ್ಯಾನಿಗೆ ತಂಪು ಕೊಡುವುದು ಅದೇ ಎಳೆದುಕೊಳ್ಳುವ ಹೊರಗಿನ ಗಾಳಿ. ಅದು ನಿಂತೊಡನೆ ಕೆಂಡದ ಬಿಸಿ ಕೆಳಗಿಳಿದು ಪ್ಲಾಸ್ಟಿಕ್ ರೆಕ್ಕೆಯನ್ನು ಬಾಗಿಸುತ್ತದೆ. ಕೆಂಡ ಬೂದಿಯಾಗುವವರೆಗೆ ಕಡಿಮೆ ವೇಗದಲ್ಲಿ ಓಡಲಿ. ಅದಕ್ಕೆ ತಗಲುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟೇ.

ಎಲ್ಲವೂ ಸರಿಯಿದೆ, ಫ್ಯಾನು ಗುಂಯ್ ಎನ್ನುತ್ತಿದೆ, ಆದರೂ ಉರಿ ಕೆಂಪಾಗಿದೆ, ಹೊಗೆ ಬರುತ್ತಿದೆ ಎನ್ನುತ್ತೀರಾ? ಹಾಗಾದರೆ ತಪ್ಪು ಕರೆಂಟಿನದಲ್ಲ. ತಣ್ಣಗಿರುವ ಖಾಲಿ ಒಲೆಯಲ್ಲಿ ಫ್ಯಾನು ಹಾಕಿ, ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಮೇಲಿನ ತೂತುಗಳ ಮುಂದೆ ಒಂದೊಂದಾಗಿ ಹಿಡಿಯಿರಿ. ಎಲ್ಲಿ ಕಾಗದ ಅಲುಗುವುದಿಲ್ಲವೋ ಆ ತೂತು ಮುಚ್ಚಿದೆ. ಬೂದಿ ಕರಗಿ ಕಲ್ಲಾಗಿ ಕೂತಿರುತ್ತದೆ, ಮೊಳೆಯಿಂದ ಬಿಡಿಸಬೇಕು. ತೂತುಗಳೂ ಸರಿಯಿದ್ದರೆ ಪೆಲೆಟ್ ತೇವ ಹಿಡಿದಿದೆ. ಒಳ್ಳೆಯ ಪೆಲೆಟ್ ಮುರಿದರೆ ಟಕ್ಕೆಂದು ಸದ್ದಾಗುತ್ತದೆ, ತೇವ ಹಿಡಿದದ್ದು ಬೆರಳಲ್ಲೇ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಅಕ್ಕಿಯಂತೆ ಮುಚ್ಚಳದ ಡ್ರಮ್ಮಿನಲ್ಲಿಡಿ. ಕಾಗದದ ಪಟ್ಟಿಯ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಫೋನು ಮಾಡುವ ಮೊದಲು ಮಾಡಿ, ಎಷ್ಟೋ ಸಲ ಫೋನಿನ ಅಗತ್ಯವೇ ಬೀಳುವುದಿಲ್ಲ.

ಸಂಜೆ ಹೊತ್ತು ವೋಲ್ಟೇಜು ಇಳಿಯುವ ಊರುಗಳ ಸಹೋದರಿಯರು ಒಂದು ವಿಷಯ ಗಮನಿಸಬೇಕು. ಅಡಾಪ್ಟರಿನಿಂದ ಓಡುವ 12 ವೋಲ್ಟಿನ ಫ್ಯಾನಿಗೆ ಕಡಿಮೆ ವೋಲ್ಟೇಜು ಅಷ್ಟಾಗಿ ತಟ್ಟುವುದಿಲ್ಲ. ಏಕೆಂದರೆ 100 ವೋಲ್ಟಿನಿಂದಲೂ ಕೆಲಸ ಮಾಡುವ ಶಕ್ತಿ ಅಡಾಪ್ಟರಿಗಿದೆ. ಗೋಡೆಯ ಕರೆಂಟಿನಿಂದ ನೇರವಾಗಿ ಓಡುವ ದೊಡ್ಡ ಬ್ಲೋವರ್ ಇರುವ ಒಲೆಯಾದರೆ ಬಲ್ಬು ಮಂಕಾದಾಗ ಬ್ಲೋವರೂ ಮಂಕಾಗುತ್ತದೆ, ಹೊಗೆ ಶುರುವಾಗುತ್ತದೆ. ಮನೆಯಲ್ಲಿ ಅಡುಗೆ ಮಾಡುವವರಿಗೆ 12 ವೋಲ್ಟಿನದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಒಲೆಯೊಳಗೆ ಹೋಗುವ ಕರೆಂಟು ಮೈಗೆ ಹೊಡೆಯುವಷ್ಟು ಬಲದ್ದಲ್ಲ ಎಂಬುದು ಇದಕ್ಕೆ ಇನ್ನೊಂದು ಕಾರಣ.

ದೊಡ್ಡ ಬ್ಲೋವರ್ ಒಲೆಯ ತಗಡು ಮುಟ್ಟಿದಾಗ ಚಿಮ್ ಎಂದರೆ, "ಸ್ವಲ್ಪ ಶಾಕ್ ಹೊಡೆಯುತ್ತೆ, ಚಪ್ಪಲಿ ಹಾಕ್ಕೊಂಡರೆ ಏನಾಗಲ್ಲ" ಎನ್ನುವವರ ಮಾತು ಕೇಳಬೇಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಪ್ಲಗ್ಗು ಕಿತ್ತು ಬದಿಗಿಡಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಒಲೆ ಹೊತ್ತಿಸಬೇಡಿ. ಲೋಹದ ಮೈಯ ಒಲೆಗೆ ಮೂರು ಪಿನ್ನಿನ ಪ್ಲಗ್ಗೇ ಇರಬೇಕು, ಆ ಮೂರನೆಯ ದಪ್ಪ ಪಿನ್ನು ಮನೆಯ ಅರ್ಥಿಂಗಿಗೆ ನಿಜವಾಗಿ ಸೇರಿರಬೇಕು. ಅದು ಹಿಡಿಸುವುದಿಲ್ಲವೆಂದು ಮುರಿದು ಹಾಕುವವರಿದ್ದಾರೆ. ಮೀಟರ್ ಬೋರ್ಡಿನಲ್ಲಿರುವ ಎಂ.ಸಿ.ಬಿ. ನಮ್ಮನ್ನು ಕಾಪಾಡುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಕಾಪಾಡುವುದು ವಯರನ್ನು. ಮನುಷ್ಯರನ್ನು ಕಾಪಾಡುವುದು ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಸ್ವಿಚ್ಚು. 30 ಮಿಲಿ ಆಂಪಿಯರಿನಷ್ಟು ಕರೆಂಟು ದಾರಿ ತಪ್ಪಿ ಸೋರಿದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಬಿದ್ದುಬಿಡುತ್ತದೆ. ಅದರ ಮೇಲೆ ಪರೀಕ್ಷೆಗೆಂದೇ ಒಂದು ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಬೇಕು. ಒಲೆ ಹಾಕಿದಾಗಲೆಲ್ಲ ಆರ್.ಸಿ.ಸಿ.ಬಿ. ಬೀಳುತ್ತಿದ್ದರೆ ಅದನ್ನು ಬೈಯಬೇಡಿ. ಒಲೆಯಲ್ಲೋ ವಯರಿನಲ್ಲೋ ಕರೆಂಟು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಅದನ್ನು ತಪ್ಪಿಸಿ ನೇರ ವಯರು ಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್‌ಗೆ ಸಲಾಂ ಹೇಳಿ ಕಳಿಸಿಬಿಡಿ. ಯಾರಿಗಾದರೂ ಶಾಕ್ ಹಿಡಿದುಕೊಂಡರೆ ಅವರನ್ನು ಕೈಯಿಂದ ಮುಟ್ಟಬಾರದು. ಮೇನ್ ಆರಿಸಬೇಕು, ಆಗದಿದ್ದರೆ ಒಣ ಕೋಲಿನಿಂದ ವಯರನ್ನು ದೂಡಬೇಕು.

ಹೊರದೇಶದಲ್ಲಿ ನೆಂಟರಿರುವವರಿಗೆ ಒಂದು ಸಣ್ಣ ಮಾತು. ಅಮೆರಿಕ, ಕೆನಡಾ, ಇಟಲಿ ಮುಂತಾದ ಕಡೆ ಪೆಲೆಟ್ ಒಲೆ ಎಂದರೆ ಅಡುಗೆಯದಲ್ಲ, ಚಳಿಗೆ ಮನೆ ಕಾಯಿಸುವ ಪೆಟ್ಟಿಗೆ. ಅದರಲ್ಲಿ ಪೆಲೆಟ್ ತಳ್ಳುವ ತಿರುಪಿಗೊಂದು ಮೋಟಾರು, ಹೊತ್ತಿಸಲು ಕಾಯುವ ಕಡ್ಡಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಎಳೆಯುವ ಫ್ಯಾನು, ಎಲ್ಲದರ ಮೇಲೆ ಕಣ್ಣಿಡುವ ಒಂದು ಸರ್ಕಿಟ್ ಇರುತ್ತವೆ. ಹೊಗೆ ಸರಿಯಾಗಿ ಹೊರಹೋಗದಿದ್ದರೆ ಒತ್ತಡ ನೋಡುವ ಸ್ವಿಚ್ಚೊಂದು ಪೆಲೆಟ್ ತಳ್ಳುವುದನ್ನೇ ನಿಲ್ಲಿಸುತ್ತದೆ. ನೋಡುವವರಿಗೆ ಮೋಟಾರು ಕೆಟ್ಟಂತೆ ಕಾಣುತ್ತದೆ, ಅಸಲಿಗೆ ಬೂದಿ ತುಂಬಿ ಕೊಳವೆ ಕಟ್ಟಿರುತ್ತದೆ. ಅಲ್ಲಿಯೂ ಮೊದಲು ಪ್ಲಗ್ಗು, ಫ್ಯೂಸು ನೋಡು, ಆಮೇಲೆ ಬೂದಿ ತೆಗೆ, ಅದೂ ಆದ ಮೇಲೆ ಸರ್ಕಿಟ್ಟನ್ನು ದೂರು. ಆ ಸ್ವಿಚ್ಚನ್ನು ತಪ್ಪಿಸಿ ವಯರು ಜೋಡಿಸುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು, ಏಕೆಂದರೆ ಅಲ್ಲಿ ಒಲೆ ಇರುವುದು ಮುಚ್ಚಿದ ಮನೆಯೊಳಗೆ.

ನಮ್ಮಲ್ಲಿ ಕರೆಂಟು ಹೋಗುವುದು ರೋಗವಲ್ಲ, ದಿನಚರಿ. ಅದಕ್ಕೆ ಬ್ಯಾಟರಿಯ ಆಸರೆ ಬೇಕು. ಕಂಪ್ಯೂಟರ್ ಯು.ಪಿ.ಎಸ್.ನಲ್ಲಿರುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿಯೇ ಸಣ್ಣ ಒಲೆಯ ಫ್ಯಾನಿಗೆ ಸಾಕು. ಅರ್ಧ ಆಂಪಿಯರ್ ಎಳೆಯುವ ಫ್ಯಾನಾದರೆ ಎರಡು ಬಿರಿಯಾನಿ ಇಳಿಸುವಷ್ಟು ಹೊತ್ತು ನಿರಾತಂಕವಾಗಿ ಓಡುತ್ತದೆ. ನಡುವೆ ಒಂದು ಫ್ಯೂಸು ಇರಲೇಬೇಕು, ಜೋಡಣೆಯನ್ನು ತಿಳಿದವರಿಂದಲೇ ಮಾಡಿಸಿ. ನಮ್ಮ ಭಾಭಿ ಹತ್ತು ನಿಮಿಷದ ಕರೆಂಟು ಕಡಿತಕ್ಕೆಂದು ವೈಫೈಗೆ ಹಾಕುವ ಸಣ್ಣ 12 ವೋಲ್ಟಿನ ಯು.ಪಿ.ಎಸ್. ಅನ್ನೇ ಒಲೆಗೆ ಹಾಕಿಕೊಂಡಿದ್ದಾರೆ, ಅದರ ಆಂಪಿಯರ್ ನೋಡಿಕೊಂಡು.

ಈ ಬ್ಯಾಟರಿಗಳು ಸುಮ್ಮನೆ ಇಟ್ಟರೂ ಖಾಲಿಯಾಗುತ್ತವೆ. ಒಂದು ರಮಝಾನ್ ಮುಗಿದ ಮೇಲೆ ಕಟ್ಟಿಟ್ಟು ಮುಂದಿನ ರಮಝಾನಿಗೆ ತೆಗೆದರೆ ಅದು ಸತ್ತೇ ಹೋಗಿರುತ್ತದೆ. ತಿಂಗಳಿಗೊಮ್ಮೆಯಾದರೂ ಚಾರ್ಜಿಗೆ ಹಾಕಿ. ಅಗ್ಗದ ಮಲ್ಟಿಮೀಟರ್ ಒಂದಿದ್ದರೆ ಡಿ.ಸಿ. 20 ಎಂಬ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಧನಕ್ಕೆ, ಕಪ್ಪು ಕಡ್ಡಿ ಋಣಕ್ಕೆ ಹಿಡಿಯಿರಿ. ಚಾರ್ಜಿನಿಂದ ತೆಗೆದು ಕೆಲವು ಗಂಟೆಗಳಾದ ಮೇಲೆ 12.7ರ ಆಸುಪಾಸು ತೋರಿಸಿದರೆ ತುಂಬಿದೆ, 12ಕ್ಕಿಂತ ಕೆಳಗೆ ಇದ್ದರೆ ಹಸಿದಿದೆ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಏರದಿದ್ದರೆ, ಹೊಟ್ಟೆ ಉಬ್ಬಿದ್ದರೆ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದು ತನ್ನಿ. ಸೀಸ, ಆಮ್ಲ ಇರುವ ವಸ್ತು, ಮಕ್ಕಳ ಕೈಗೆ ಸಿಗುವಂತೆ ಹಿತ್ತಿಲಲ್ಲಿ ಎಸೆಯಬೇಡಿ. ಶಾಬಾನ್ ತಿಂಗಳಲ್ಲಿ ನಾವು ಅಕ್ಕಿ, ಮಸಾಲೆ ಕೊಂಡು ಡಬ್ಬಿ ತುಂಬುವಾಗಲೇ ಒಂದು ಬದಲಿ ಅಡಾಪ್ಟರ್, ಒಂದು ಬದಲಿ ಫ್ಯಾನು ತಂದು ಆ ಡಬ್ಬಿಗಳ ಪಕ್ಕದಲ್ಲೇ ಇಡುತ್ತೇವೆ. ಅದರ ಮೇಲೆ ವೋಲ್ಟ್, ಆಂಪಿಯರ್ ಬರೆದ ಚೀಟಿ ಅಂಟಿಸುವುದು ಆಪಾರ ಆ ಹಿರಿಯ ಮಗಳ ಕೆಲಸ. ಬರುವ ರಮಝಾನಿನೊಳಗೆ ಅವಳ ತಂಗಿಯೂ ಕಲಿಯುತ್ತಾಳೆ, ಇನ್‌ಶಾ ಅಲ್ಲಾಹ್.